ಗಣಕಯಂತ್ರದ ಪ್ರವೇಶ ದಾಖಲೆ

ಅಂಚೆ ಕಚೇರಿಯ ಉಳಿತಾಯ ಖಾತೆಯ ಪಾಸ್‌ಬುಕ್ಕನ್ನು ನೋಡದವರು ನಮ್ಮಲ್ಲಿ ವಿರಳ. ಹಣದ ಲೆಕ್ಕವೆಲ್ಲವೂ ಅಂಚೆ ಕಚೇರಿಯ ದಫ್ತರದಲ್ಲಿಯೇ ಇರುವಾಗ, ಅದೇ ಲೆಕ್ಕದ ಒಂದು ಪ್ರತಿಯನ್ನು ಖಾತೆದಾರನ ಕೈಗೆ ಏಕೆ ಕೊಡಬೇಕು? ಕಾರಣವು ಸರಳವಾದುದು. ಇಂಥ ತಾರೀಕಿನಂದು ಐನೂರು ರೂಪಾಯಿಯನ್ನು ಹಿಂದಕ್ಕೆ ಪಡೆಯಲಾಯಿತೆಂದು ದಫ್ತರವು ಹೇಳಬಲ್ಲದು. ಆದರೆ ಆ ಹಣವನ್ನು ಪಡೆದವನು ತಾನೇ ಹೌದೋ ಅಲ್ಲವೋ ಎಂಬುದನ್ನು ಖಾತೆದಾರನೊಬ್ಬನೇ ಹೇಳಬಲ್ಲನು. ಸಾಕ್ಷ್ಯದ ಅರ್ಧಭಾಗವು ದಫ್ತರದಲ್ಲಿದ್ದರೆ ಉಳಿದರ್ಧವು ಖಾತೆದಾರನ ನೆನಪಿನಲ್ಲಿದೆ. ಇವೆರಡನ್ನೂ ಒಂದೆಡೆಗೆ ತಂದು ಹೋಲಿಸಿದಾಗಲೇ ಮೋಸವು ಬಯಲಾಗುವುದು.

ನಮ್ಮ ಮೇಜಿನ ಮೇಲಿರುವ ಗಣಕಯಂತ್ರ, ಅಂದರೆ ಕಂಪ್ಯೂಟರು, ಇಂಥದೇ ಒಂದು ದಫ್ತರವನ್ನು ಇಟ್ಟುಕೊಂಡಿರುತ್ತದೆ. ಯಾರ ಹೆಸರಿನಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಯಾವ ದಾರಿಯಿಂದ ಯಂತ್ರದೊಳಕ್ಕೆ ಪ್ರವೇಶವಾಯಿತು, ಎಷ್ಟು ಹೊತ್ತಿಗೆ ನಿರ್ಗಮನವಾಯಿತು ಎಂಬುದು ಅದರಲ್ಲಿ ಬರೆದಿರುತ್ತದೆ. ಈ ಪ್ರವೇಶವನ್ನೇ ಲಾಗಿನ್ ಎನ್ನುವುದು ರೂಢಿ. ಆದರೆ ಪಾಸ್‌ಬುಕ್ಕನ್ನು ಬರೆದು ತನ್ನ ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳುವ ಅಂಚೆ ಕಚೇರಿಯಂತೆ, ಬಹುಪಾಲು ಮೇಜಿನ ಗಣಕಗಳು ಈ ದಾಖಲೆಯನ್ನು ಬರೆಯುತ್ತವೆ. ಬಳಕೆದಾರನಿಗೆ ತಾವಾಗಿ ತೋರಿಸುವುದಿಲ್ಲ. ಈ ದಾಖಲೆಯು ಹೇಗೆ ಹುಟ್ಟಿತು, ಅದರಲ್ಲಿ ಏನಿರುತ್ತದೆ, ಅದನ್ನು ಬಳಕೆದಾರನಿಗೇ ಏಕೆ ತೋರಿಸಬೇಕು, ತೋರಿಸಿದರೆ ಎಷ್ಟರಮಟ್ಟಿನ ರಕ್ಷಣೆ ದೊರೆಯುತ್ತದೆ ಎಂಬ ವಿಷಯಗಳನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕಳವಾದರೂ ಕಾಣೆಯಾಗದ ವಸ್ತು

ಕಪಾಟಿನಿಂದ ಒಂದು ಪುಸ್ತಕವು ಕಳವಾದರೆ ಅಲ್ಲಿ ತೆರವು ಕಾಣುತ್ತದೆ. ಜೇಬಿನಿಂದ ಹಣವು ಹೋದರೆ ಜೇಬು ಹಗುರಾಗುತ್ತದೆ. ಪಾಸ್‌ವರ್ಡಿನ ಸ್ವಭಾವವು ಹೀಗಲ್ಲ. ಅದು ಕಳವಾದಾಗ ಒಡೆಯನ ಬಳಿ ಏನೊಂದೂ ಕಡಿಮೆಯಾಗುವುದಿಲ್ಲ. ನಿನ್ನೆ ಅವನಿಗೆ ಗೊತ್ತಿದ್ದ ಗುಟ್ಟು ಇಂದೂ ಅವನಿಗೆ ಗೊತ್ತಿರುತ್ತದೆ. ಆದರೆ ಇಂದು ಅದು ಮತ್ತೊಬ್ಬನಿಗೂ ಗೊತ್ತಿರುತ್ತದೆ, ಅಷ್ಟೇ. ಆದುದರಿಂದಲೇ ಪಾಸ್‌ವರ್ಡಿನ ಕಳ್ಳತನವು ತಿಂಗಳುಗಟ್ಟಲೆ ಒಡೆಯನ ಅರಿವಿಗೆ ಬಾರದೆ ಉಳಿಯಬಹುದು.

ಗಣಕಯಂತ್ರದ ದೃಷ್ಟಿಯಿಂದ ಈ ಸ್ಥಿತಿಯನ್ನು ನೋಡೋಣ. ಬಾಗಿಲಲ್ಲಿ ನಿಂತವನನ್ನು ಯಂತ್ರವು ಮುಖ ನೋಡಿ ಗುರುತಿಸುವುದಿಲ್ಲ. ಅವನು ಕೊಟ್ಟ ಪಾಸ್‌ವರ್ಡು ತನ್ನಲ್ಲಿರುವ ಗುರುತಿಗೆ ಹೊಂದುತ್ತದೆಯೇ ಎಂಬುದೊಂದನ್ನೇ ಅದು ಪರೀಕ್ಷಿಸುತ್ತದೆ. ಹೊಂದಿದರೆ ಬಾಗಿಲು ತೆರೆಯುತ್ತದೆ. ಇಲ್ಲಿ ಪರೀಕ್ಷೆಗೆ ಒಳಗಾದುದು ವ್ಯಕ್ತಿಯಲ್ಲ, ವ್ಯಕ್ತಿಗೆ ತಿಳಿದಿರುವ ಒಂದು ಗುಟ್ಟು. ಬೆರಳಿನ ಗುರುತನ್ನೋ ಮುಖಚಹರೆಯನ್ನೋ ಪರೀಕ್ಷಿಸುವ ಯಂತ್ರಗಳು ಈಗ ಬಳಕೆಯಲ್ಲಿವೆ. ಆದರೆ ಅವುಗಳಲ್ಲಿಯೂ ಸಾಮಾನ್ಯವಾಗಿ ಪಾಸ್‌ವರ್ಡಿನ ಇಲ್ಲವೆ ಪಿನ್ ಸಂಖ್ಯೆಯ ದಾರಿಯೊಂದು ಹಿಂಬಾಗಿಲಿನಂತೆ ಉಳಿದೇ ಇರುತ್ತದೆ. ಹೀಗಿರುವುದರಿಂದ ಸರಿಯಾದ ಪಾಸ್‌ವರ್ಡಿನೊಡನೆ ಬಂದ ಕಳ್ಳನಿಗೂ ಒಡೆಯನಿಗೂ ಇರುವ ಭೇದವು ಯಂತ್ರಕ್ಕೆ ತಿಳಿಯಲಾರದು. ಆ ಭೇದವನ್ನು ತಿಳಿದಿರುವವನು ಒಬ್ಬನೇ: ಆ ಹೊತ್ತಿನಲ್ಲಿ ತಾನು ಅಲ್ಲಿರಲಿಲ್ಲವೆಂದು ಬಲ್ಲ ಒಡೆಯ.

ದಾಖಲೆಯ ಹುಟ್ಟು

ಒಂದೇ ಗಣಕವನ್ನು ಅನೇಕರು ಏಕಕಾಲದಲ್ಲಿ ಹಂಚಿಕೊಂಡು ಬಳಸುವ ಪದ್ಧತಿಯು ಬಂದಾಗ ಪಾಸ್‌ವರ್ಡು ಗಣಕಲೋಕವನ್ನು ಪ್ರವೇಶಿಸಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೊ ಅವರ ತಂಡವು 1961ರ ನವೆಂಬರಿನಲ್ಲಿ ಸಿಟಿಎಸ್‌ಎಸ್ ಎಂಬ ಇಂಥದೊಂದು ವ್ಯವಸ್ಥೆಯನ್ನು ಪ್ರದರ್ಶಿಸಿತು. ಯಂತ್ರದ ಕಾಲವು ಆಗ ಬಹು ದುಬಾರಿ. ಒಬ್ಬೊಬ್ಬರಿಗೂ ಇಂತಿಷ್ಟು ಗಂಟೆಯೆಂದು ಪಾಲು ಹಾಕಿ ಕೊಡಲಾಗುತ್ತಿತ್ತು. ಒಬ್ಬರ ಪಾಲನ್ನು ಮತ್ತೊಬ್ಬರು ಬಳಸದಿರಲೆಂದು ಪಾಸ್‌ವರ್ಡುಗಳನ್ನು ಇಡಲಾಯಿತು.

ಆ ಕಾವಲು ಬಹಳ ಕಾಲ ಬಾಳಲಿಲ್ಲ. ಅಲ್ಲಿ ಸಂಶೋಧನೆ ನಡೆಸುತ್ತಿದ್ದ ಆಲನ್ ಶೆರ್ ಎಂಬವರಿಗೆ ವಾರಕ್ಕೆ ನಾಲ್ಕು ಗಂಟೆಯ ಪಾಲು ಸಾಲದಾಯಿತು. 1962ರಲ್ಲಿ ಅವರು ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಡುವಂತೆ ಒಂದು ರಂಧ್ರಪತ್ರದ ಮೂಲಕ ಯಂತ್ರಕ್ಕೆ ಕೋರಿಕೆ ಸಲ್ಲಿಸಿ, ಎಲ್ಲರ ಗುಟ್ಟನ್ನೂ ಕಾಗದದ ಮೇಲೆ ಪಡೆದುಕೊಂಡರು. ಈ ಸಂಗತಿಯನ್ನು ಅವರೇ ದಶಕಗಳ ಅನಂತರ ಬಹಿರಂಗಪಡಿಸಿದರು. ಪಾಸ್‌ವರ್ಡು ಹುಟ್ಟಿದೊಡನೆಯೇ ಅದರ ಕಳವೂ ಹುಟ್ಟಿತು ಎಂಬುದನ್ನು ಓದುಗರು ಗಮನಿಸಬೇಕು.

ಯಂತ್ರದ ಕಾಲಕ್ಕೆ ಬೆಲೆ ಇದ್ದುದರಿಂದ ಯಾರು ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕವನ್ನು ಇಡುವುದೂ ಅನಿವಾರ್ಯವಾಯಿತು. ಪ್ರವೇಶ ದಾಖಲೆಯ ಒಂದು ಮೂಲವು ಇದೇ. ಮಲ್ಟಿಕ್ಸ್ ಎಂಬ ಮುಂದಿನ ವ್ಯವಸ್ಥೆಯಲ್ಲಿ ಈ ಲೆಕ್ಕಕ್ಕೆ ಮತ್ತೊಂದು ಉಪಯೋಗವು ಒದಗಿತು. ಒಳಗೆ ಬಂದವನಿಗೆ ಅವನ ಹಿಂದಿನ ಪ್ರವೇಶವು ಯಾವಾಗ, ಎಲ್ಲಿಂದ ಆಗಿತ್ತು ಎಂಬುದನ್ನು ಯಂತ್ರವು ತಾನೇ ತಿಳಿಸುತ್ತಿತ್ತು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದ ಯೂನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯು 1971ರ ನವೆಂಬರಿನಲ್ಲಿ ಹೊರಬಿದ್ದಿತು. ಬಳಕೆದಾರರ ಪ್ರವೇಶ ಚರಿತ್ರೆಯನ್ನು ಕಾಯ್ದಿಡುವ ಡಬ್ಲ್ಯುಟಿಎಂಪಿ ಎಂಬ ಕಡತದ ವಿವರಣೆಯು ಆ ಕೈಪಿಡಿಯಲ್ಲಿಯೇ ಇದೆ. ಅದೇ ಹೆಸರಿನ ಕಡತವು ಅರ್ಧ ಶತಮಾನಕ್ಕೂ ಮೀರಿ ಯೂನಿಕ್ಸ್ ಪರಂಪರೆಯ ಯಂತ್ರಗಳಲ್ಲಿ ಬಾಳಿ ಬಂದಿತು.

ದಫ್ತರದ ಒಳಗೆ

ಯೂನಿಕ್ಸ್ ಪರಂಪರೆಗೆ ಸೇರಿದ ಲಿನಕ್ಸ್ ವ್ಯವಸ್ಥೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅದರಲ್ಲಿ ಸಂಪ್ರದಾಯದಂತೆ ನಾಲ್ಕು ದಫ್ತರಗಳಿರುತ್ತವೆ. ಯುಟಿಎಂಪಿ ಎಂಬುದು ಈ ಕ್ಷಣದಲ್ಲಿ ಒಳಗಿರುವವರ ಪಟ್ಟಿ. ಬಂದಾಗ ಹೆಸರು ಸೇರುತ್ತದೆ, ಹೋದಾಗ ಅಳಿಯುತ್ತದೆ. ಡಬ್ಲ್ಯುಟಿಎಂಪಿ ಎಂಬುದು ಚರಿತ್ರೆ. ಇಲ್ಲಿ ಪ್ರತಿಯೊಂದು ಆಗಮನವೂ ನಿರ್ಗಮನವೂ ಹಿಂದಿನದರ ಕೆಳಗೆ ಹೊಸ ಸಾಲಾಗಿ ಸೇರುತ್ತದೆ, ಹಳೆಯದು ಅಳಿಯುವುದಿಲ್ಲ. ಬಿಟಿಎಂಪಿ ಎಂಬುದರಲ್ಲಿ ವಿಫಲವಾದ ಪ್ರಯತ್ನಗಳು ದಾಖಲಾಗುತ್ತವೆ. ಲಾಸ್ಟ್‌ಲಾಗ್ ಎಂಬುದರಲ್ಲಿ ಒಬ್ಬೊಬ್ಬ ಬಳಕೆದಾರನ ಕಟ್ಟಕಡೆಯ ಪ್ರವೇಶವೊಂದೇ ಇರುತ್ತದೆ.

ಒಂದು ಸಾಲಿನಲ್ಲಿರುವ ಮುಖ್ಯ ಅಂಶಗಳು ಇವು: ಬಳಕೆದಾರನ ಹೆಸರು, ಅವನು ಯಂತ್ರದ ಎದುರಿಗೇ ಕುಳಿತು ಬಂದನೋ ಜಾಲದ ಮೂಲಕ ಬಂದನೋ ಎಂಬ ದಾರಿಯ ಗುರುತು, ಜಾಲದಿಂದ ಬಂದಿದ್ದರೆ ಆ ದೂರದ ಯಂತ್ರದ ವಿಳಾಸ, ಮತ್ತು ಕಾಲ.

ಕಾಲವನ್ನು ಬರೆಯುವ ಕ್ರಮವು ಕುತೂಹಲಕರವಾಗಿದೆ. ಯಂತ್ರವು ತಾರೀಕು, ತಿಂಗಳು, ಗಂಟೆ ಎಂದು ಬರೆಯದೆ, 1970ರ ಜನವರಿ 1ರ ವಿಶ್ವಕಾಲದ ನಡುರಾತ್ರಿಯಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡುಗಳು ಕಳೆದಿವೆ ಎಂಬ ಒಂದೇ ಸಂಖ್ಯೆಯನ್ನು ಬರೆಯುತ್ತದೆ. ಉದಾಹರಣೆಗೆ 1,70,00,00,000 ಎಂಬ ಸಂಖ್ಯೆಯು ವಿಶ್ವಕಾಲದ ಪ್ರಕಾರ 2023ರ ನವೆಂಬರ್ 14ರ ರಾತ್ರಿ 10 ಗಂಟೆ 13 ನಿಮಿಷ 20 ಸೆಕೆಂಡು. ಭಾರತದ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ನಮ್ಮ ಗಡಿಯಾರದಲ್ಲಿ ಅದೇ ಕ್ಷಣವು ನವೆಂಬರ್ 15ರ ಬೆಳಗಿನ ಜಾವ 3 ಗಂಟೆ 43 ನಿಮಿಷ 20 ಸೆಕೆಂಡಾಗುತ್ತದೆ. ದಾಖಲೆಯನ್ನು ಯಾವ ಕಾಲದಲ್ಲಿ ತೋರಿಸಲಾಗಿದೆ ಎಂಬುದನ್ನು ಮೊದಲು ತಿಳಿಯದಿದ್ದರೆ, ಸಂಜೆ ತಾನೇ ಮಾಡಿದ ಪ್ರವೇಶವನ್ನು ಕಂಡು ಬಳಕೆದಾರನು ಬೆಚ್ಚಿಬೀಳಬಹುದು.

ಈ ಎಣಿಕೆಗಾಗಿ ಹಳೆಯ ದಫ್ತರಗಳಲ್ಲಿ ಮೀಸಲಿಟ್ಟ ಸ್ಥಳವು 32 ಬಿಟ್ಟುಗಳದು. ಚಿಹ್ನೆಗೆ ಒಂದು ಬಿಟ್ಟು ಹೋದರೆ ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 2,14,74,83,647. ಈ ಎಣಿಕೆಯು 2038ರ ಜನವರಿ 19ರಂದು, ನಮ್ಮ ಕಾಲದ ಪ್ರಕಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಮುಗಿದುಹೋಗುತ್ತದೆ. ಆದಕಾರಣ ಹಳೆಯ ದಫ್ತರಗಳನ್ನು ಕೈಬಿಟ್ಟು, ವಿಶಾಲವಾದ ಸಂಖ್ಯೆಗಳಿಗೆ ಎಡೆಯಿರುವ ಹೊಸ ದಫ್ತರಗಳಿಗೆ ದಾಖಲೆಯನ್ನು ವರ್ಗಾಯಿಸುವ ಕೆಲಸವು ನಡೆದಿದೆ. 2025ರಲ್ಲಿ ಹೊರಬಂದ ಡೆಬಿಯನ್ ಲಿನಕ್ಸಿನ 13ನೆಯ ಆವೃತ್ತಿಯು ಇಂಥ ಬದಲಾವಣೆಯನ್ನು ಮಾಡಿಕೊಂಡಿದೆ.

ಮುಕ್ಕಾಲು ಡಾಲರಿನ ಲೆಕ್ಕ

ಪ್ರವೇಶ ದಾಖಲೆಯ ಶಕ್ತಿಯನ್ನೂ, ಅದನ್ನು ಓದುವವರಿಲ್ಲದಾಗ ಆಗುವ ಹಾನಿಯನ್ನೂ ಒಟ್ಟಿಗೆ ತೋರಿಸುವ ಒಂದು ಪ್ರಸಿದ್ಧ ಪ್ರಸಂಗವಿದೆ. ಅದು 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ನಡೆಯಿತು. ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಅವರು ಆಗ ಅಲ್ಲಿಯ ಗಣಕಗಳ ಉಸ್ತುವಾರಿಗೆ ನಿಯುಕ್ತರಾಗಿದ್ದರು. ಗಣಕದ ಬಳಕೆಯ ಲೆಕ್ಕವನ್ನು ಇಡಲು ಅಲ್ಲಿ ಎರಡು ಬೇರೆ ಬೇರೆ ಏರ್ಪಾಡುಗಳಿದ್ದುವು: ಒಂದು ಯೂನಿಕ್ಸ್ ವ್ಯವಸ್ಥೆಯದೇ, ಮತ್ತೊಂದು ಪ್ರಯೋಗಶಾಲೆಯವರು ತಾವೇ ಬರೆದುಕೊಂಡದ್ದು. ಆ ವರ್ಷದ ಆಗಸ್ಟಿನಲ್ಲಿ ಎರಡು ಲೆಕ್ಕಗಳ ನಡುವೆ 75 ಸೆಂಟುಗಳ, ಅಂದರೆ ಮುಕ್ಕಾಲು ಡಾಲರಿನ, ವ್ಯತ್ಯಾಸ ಬಂದಿತು. ಹಣವು ಅಲ್ಪ, ಆದರೆ ಲೆಕ್ಕವು ಕೂಡದಿದ್ದರೆ ಎಲ್ಲಿಯೋ ತಪ್ಪಿದೆ ಎಂಬುದು ಸ್ಟಾಲ್ ಅವರ ನಿಲುವು. ಹುಡುಕಿದಾಗ, ಹಣವನ್ನು ತೆರುವವರ ವಿಳಾಸವೇ ಇಲ್ಲದ ಒಂದು ಖಾತೆಯು ದಫ್ತರದಲ್ಲಿ ಸೇರಿಕೊಂಡಿದ್ದುದು ಕಂಡುಬಂದಿತು.

ಆ ಖಾತೆಯನ್ನು ತೆಗೆದುಹಾಕಿದ ಮೇಲೆಯೂ ವಿಷಯವು ಮುಗಿಯಲಿಲ್ಲ. ಬರ್ಕ್ಲಿಯ ಯಂತ್ರದಿಂದ ಯಾರೋ ತಮ್ಮ ಯಂತ್ರವನ್ನು ಪ್ರವೇಶಿಸಲು ಯತ್ನಿಸಿದರೆಂದು ಹೊರಗಿನ ಮತ್ತೊಂದು ಗಣಕದವರು ತಿಳಿಸಿದರು. ದಾಖಲೆಯನ್ನು ನೋಡಿದರೆ, ಆ ಹೊತ್ತಿನಲ್ಲಿ ಒಳಗಿದ್ದುದು ಪ್ರಯೋಗಶಾಲೆಯನ್ನು ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಹೆಸರು. ಖಾತೆಯು ನಿಜವಾದುದು, ಪಾಸ್‌ವರ್ಡು ಸರಿಯಾದುದು. ಯಂತ್ರಕ್ಕೆ ಅನುಮಾನ ಬರಲು ಯಾವ ಕಾರಣವೂ ಇರಲಿಲ್ಲ. ‘ನಾನು ಬಂದಿಲ್ಲ’ ಎಂದು ಹೇಳಬಲ್ಲ ಒಡೆಯನು ಮಾತ್ರ ಆ ದಾಖಲೆಯನ್ನು ನೋಡುವ ಸ್ಥಳದಲ್ಲಿರಲಿಲ್ಲ. ಕಳ್ಳನು ಇಂಥ ಖಾತೆಯನ್ನು ಬಳಸಿದುದು ಎಷ್ಟು ಅನುಕೂಲಕರವಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಸ್ಟಾಲ್ ಅವರು ಮುಂದೆ ಕೈಗೊಂಡ ಕ್ರಮವು ಪಾಠಯೋಗ್ಯವಾಗಿದೆ. ಒಳಗೆ ಬಂದವನು ಯಂತ್ರದ ಸರ್ವಾಧಿಕಾರವನ್ನು ಪಡೆದಿದ್ದುದರಿಂದ ಯಂತ್ರದೊಳಗಿನ ಯಾವ ದಾಖಲೆಯನ್ನೂ ಅವನು ತಿದ್ದಬಲ್ಲವನಾಗಿದ್ದನು. ಆದುದರಿಂದ ಅವರು ಹೊರಗಿನಿಂದ ಬರುವ ದೂರವಾಣಿ ತಂತಿಗಳಿಗೇ ಮುದ್ರಣಯಂತ್ರಗಳನ್ನು ಜೋಡಿಸಿದರು. ಕಳ್ಳನು ಒತ್ತಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಅಚ್ಚಾಗತೊಡಗಿತು; ಆ ಕಾಗದವನ್ನು ಅವನು ದೂರದಿಂದ ಅಳಿಸುವಂತಿರಲಿಲ್ಲ. ತಿಂಗಳುಗಟ್ಟಲೆ ನಡೆದ ಈ ಬೇಹಿನಿಂದ, ಅವನು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದಲ್ಲಿ ಕುಳಿತು ಸುಮಾರು 450 ಗಣಕಗಳನ್ನು ಹೊಗಲು ಯತ್ನಿಸಿ, 30ಕ್ಕೂ ಹೆಚ್ಚು ಗಣಕಗಳಲ್ಲಿ ಯಶಸ್ವಿಯಾಗಿದ್ದನೆಂದು ತಿಳಿದುಬಂದಿತು. ಮಾರ್ಕುಸ್ ಹೆಸ್ ಎಂಬ ಆ ವ್ಯಕ್ತಿಯೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆಯಾದ ಕೆಜಿಬಿಗೆ ಮಾರಿದ್ದರೆಂದು 1990ರಲ್ಲಿ ಅಲ್ಲಿಯ ನ್ಯಾಯಾಲಯವು ತೀರ್ಮಾನಿಸಿತು. ಇಷ್ಟಕ್ಕೂ ಮೊದಲ ಎಳೆ, ಕೂಡದೆ ಹೋದ ಮುಕ್ಕಾಲು ಡಾಲರಿನ ಲೆಕ್ಕ.

ಮೇಜಿನ ಗಣಕಗಳಲ್ಲಿ ಇಂದಿನ ಏರ್ಪಾಡು

ಹಿಂದಿನ ಪ್ರವೇಶವನ್ನು ಬಳಕೆದಾರನಿಗೆ ತಿಳಿಸಬೇಕೆಂಬ ತತ್ತ್ವವು ಈಗ ಮಾನ್ಯವಾಗಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ಪ್ರಕಟಿಸಿರುವ ಸುರಕ್ಷಾ ನಿಯಮಗಳ ಸಂಗ್ರಹದಲ್ಲಿ ಎಸಿ-9 ಎಂಬ ನಿಯಮವು ಇದನ್ನೇ ಹೇಳುತ್ತದೆ: ಒಳಗೆ ಬಂದ ಬಳಕೆದಾರನಿಗೆ ಅವನ ಹಿಂದಿನ ಪ್ರವೇಶದ ದಿನವನ್ನೂ ಹೊತ್ತನ್ನೂ ತಿಳಿಸತಕ್ಕದ್ದು. ಆದರೆ ಮನೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಇರುವ ಯಂತ್ರಗಳಲ್ಲಿ ಈ ತತ್ತ್ವವು ಎಷ್ಟರಮಟ್ಟಿಗೆ ಜಾರಿಯಲ್ಲಿದೆ?

ವಿಂಡೋಸ್ ವ್ಯವಸ್ಥೆಯಲ್ಲಿ ದಾಖಲೆಯು ‘ಈವೆಂಟ್ ವ್ಯೂವರ್’ ಎಂಬ ಉಪಕರಣದ ಭದ್ರತಾ ವಿಭಾಗದಲ್ಲಿದೆ. ಅದನ್ನು ತೆರೆಯಲು ನಿರ್ವಾಹಕನ ಅಧಿಕಾರ ಬೇಕು. ಅಲ್ಲಿ ಪ್ರತಿಯೊಂದು ಬಗೆಯ ಘಟನೆಗೂ ಒಂದು ಸಂಖ್ಯೆಯಿದೆ. ಯಶಸ್ವಿಯಾದ ಪ್ರವೇಶಕ್ಕೆ 4624, ವಿಫಲವಾದುದಕ್ಕೆ 4625, ನಿರ್ಗಮನಕ್ಕೆ 4634. ವಿಫಲ ಪ್ರಯತ್ನಗಳನ್ನು ಬರೆಯುವಂತೆ ಯಂತ್ರವನ್ನು ಏರ್ಪಡಿಸಿದ್ದರೆ ಮಾತ್ರ 4625 ಕಾಣುತ್ತದೆ. ಪ್ರವೇಶದ ಬಗೆಯನ್ನು ತಿಳಿಸಲು ಮತ್ತೊಂದು ಅಂಕಿಯೂ ಇರುತ್ತದೆ: ಯಂತ್ರದ ಎದುರಿಗೇ ಕುಳಿತು ಬಂದಿದ್ದರೆ 2, ಬೀಗ ಹಾಕಿದ ಪರದೆಯನ್ನು ತೆರೆದಿದ್ದರೆ 7, ಪರದೆಯನ್ನು ದೂರದಿಂದ ನಡೆಸುವ ಏರ್ಪಾಡಿನ ಮೂಲಕ ಬಂದಿದ್ದರೆ 10. ಯಂತ್ರದ ಒಳಗಿನ ಸೇವಾಕಾರ್ಯಗಳೂ ತಮ್ಮ ಕೆಲಸಕ್ಕಾಗಿ ಪ್ರವೇಶ ಪಡೆಯುವುದುಂಟು; ಅವುಗಳ ಅಂಕಿ 5. ಇಂಥ ಸಾಲುಗಳು ಅಲ್ಲಿ ರಾಶಿಯಾಗಿ ಬಿದ್ದಿರುವುದರಿಂದ, ಮನುಷ್ಯರ ಪ್ರವೇಶವನ್ನು ಆರಿಸಿ ತೆಗೆಯುವುದು ಜೊಳ್ಳಿನಿಂದ ಕಾಳನ್ನು ಬೇರ್ಪಡಿಸಿದಂತೆ ಶ್ರಮದ ಕೆಲಸ. ಸಾಮಾನ್ಯ ಬಳಕೆದಾರನು ಈ ದಫ್ತರದ ಕಡೆಗೆ ಸುಳಿಯದಿರುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕಿಂತ ಸುಲಭವಾದ ದಾರಿಯೊಂದು ವಿಂಡೋಸ್ ವಿಸ್ಟಾದ ಕಾಲದಿಂದಲೂ ಇದೆ. ಹಿಂದಿನ ಪ್ರವೇಶಗಳ ವಿವರವನ್ನು ತೋರಿಸಬೇಕೆಂಬ ಒಂದು ನಿಯಮವನ್ನು ನಿರ್ವಾಹಕನು ಜಾರಿಗೊಳಿಸಿದರೆ, ಆ ಯಂತ್ರದಲ್ಲಿಯೇ ತೆರೆದ ಖಾತೆಗಳ ಬಳಕೆದಾರರಿಗೆ ಪ್ರವೇಶವಾದೊಡನೆ ಮೂರು ಸಂಗತಿಗಳು ಪರದೆಯ ಮೇಲೆ ಕಾಣುತ್ತವೆ: ಕಳೆದ ಯಶಸ್ವೀ ಪ್ರವೇಶವು ಯಾವಾಗ ಆಯಿತು; ಕಳೆದ ವಿಫಲ ಪ್ರಯತ್ನವು ಯಾವಾಗ ನಡೆಯಿತು; ಆ ಯಶಸ್ವೀ ಪ್ರವೇಶದ ಅನಂತರ ಎಷ್ಟು ಪ್ರಯತ್ನಗಳು ವಿಫಲವಾದುವು. ಬಳಕೆದಾರನು ಒಪ್ಪಿಗೆಯ ಗುಂಡಿಯನ್ನು ಒತ್ತಿದ ಮೇಲೆಯೇ ಕೆಲಸದ ಪರದೆಯು ತೆರೆಯುತ್ತದೆ. ಆದರೆ ಈ ನಿಯಮವು ತಾನಾಗಿ ಜಾರಿಯಲ್ಲಿರುವುದಿಲ್ಲ. ಯಾರಾದರೂ ಅದನ್ನು ಹುಡುಕಿ ಜಾರಿಗೊಳಿಸಬೇಕು. ಕಾಲೇಜಿನ ಗಣಕಗಳು ಹಳೆಯ ಬಗೆಯ ಕೇಂದ್ರೀಯ ವ್ಯವಸ್ಥೆಗೆ ಸೇರಿದ್ದರೆ ಈ ನಿಯಮದಿಂದ ಪ್ರವೇಶವೇ ನಿಂತುಹೋಗುವ ಸಂಭವವಿರುವುದರಿಂದ, ಅಲ್ಲಿ ಇದನ್ನು ನಿರ್ವಾಹಕರೇ ವಿಚಾರಿಸಿ ಮಾಡತಕ್ಕದ್ದು.

ಲಿನಕ್ಸಿನಲ್ಲಿಯೂ ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳಲ್ಲಿಯೂ ಟರ್ಮಿನಲ್ ಎಂಬ ಆಜ್ಞೆಗಳ ಕಿಟಕಿಯಲ್ಲಿ ‘ಲಾಸ್ಟ್’ ಎಂಬ ಒಂದೇ ಪದವನ್ನು ಬೆರಳಚ್ಚಿಸಿದರೆ ಪ್ರವೇಶ ಚರಿತ್ರೆಯು ಹೊಸದರಿಂದ ಹಳೆಯದರ ಕ್ರಮದಲ್ಲಿ ಮೂಡುತ್ತದೆ. ಹೊಸ ಲಿನಕ್ಸ್ ಆವೃತ್ತಿಗಳಲ್ಲಿ ಈ ಉಪಕರಣವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾಗಬಹುದು. ಮ್ಯಾಕ್ ಗಣಕದಲ್ಲಿ ಆ ಕಿಟಕಿಯನ್ನು ತೆರೆದೊಡನೆ ಹಿಂದಿನ ಪ್ರವೇಶದ ಹೊತ್ತು ಮೊದಲ ಸಾಲಿನಲ್ಲಿಯೇ ಕಾಣುವುದುಂಟು. ಆದರೆ ಅಲ್ಲಿ ಆ ಕಿಟಕಿಯನ್ನು ತೆರೆಯುವುದೂ ಒಂದು ಪ್ರವೇಶವೆಂದು ಎಣಿಕೆಯಾಗುತ್ತದೆ. ಲಿನಕ್ಸಿನ ಗ್ನೋಮ್ ಎಂಬ ಪರದೆ ವ್ಯವಸ್ಥೆಯ ಹಲವು ಆವೃತ್ತಿಗಳಲ್ಲಿ ಬಳಕೆದಾರರ ವಿವರಗಳ ಪುಟದಿಂದಲೇ ಪ್ರವೇಶ ಚರಿತ್ರೆಯನ್ನು ತೆರೆದು ನೋಡುವ ಅನುಕೂಲವಿತ್ತು. ಆಜ್ಞೆಗಳನ್ನು ಬಾಯಿಪಾಠ ಮಾಡದ ಬಳಕೆದಾರನಿಗೆ ಇಂಥ ಪುಟವೇ ಉಚಿತವಾದುದು.

ದಾಖಲೆಯನ್ನು ಓದುವ ಕ್ರಮ

ಈಗ ಒಂದು ಕಲ್ಪಿತ ದಾಖಲೆಯನ್ನು ಪರಿಶೀಲಿಸೋಣ. ಸಂಜೆಯ ಹೊತ್ತಿನಲ್ಲಿ ಮಾತ್ರ ಗಣಕವನ್ನು ಬಳಸುವ ಒಬ್ಬ ವಿದ್ಯಾರ್ಥಿನಿಯ ಖಾತೆಯಲ್ಲಿ ಈ ಸಾಲುಗಳಿವೆಯೆಂದು ಭಾವಿಸಿರಿ.

ಸೋಮವಾರ: ಸಂಜೆ 7.10ರಿಂದ 9.05ರವರೆಗೆ, ಯಂತ್ರದ ಎದುರಿನಿಂದ.
ಮಂಗಳವಾರ: ಸಂಜೆ 6.55ರಿಂದ 8.40ರವರೆಗೆ, ಯಂತ್ರದ ಎದುರಿನಿಂದ.
ಮಂಗಳವಾರ: ರಾತ್ರಿ 11.30ರಿಂದ 11.52ರವರೆಗೆ, ಜಾಲದ ಮೂಲಕ 41 ವಿಫಲ ಪ್ರಯತ್ನಗಳು.
ಮಂಗಳವಾರ: ರಾತ್ರಿ 11.53ರಿಂದ ಬುಧವಾರ 12.20ರವರೆಗೆ, ಜಾಲದ ಮೂಲಕ.
ಬುಧವಾರ: ಸಂಜೆ 7.05ರಿಂದ, ಇನ್ನೂ ಒಳಗಿದ್ದಾರೆ.

ಮೊದಲ ಎರಡು ಸಾಲುಗಳೂ ಕಡೆಯದೂ ಅವಳ ನೆನಪಿಗೆ ಹೊಂದುತ್ತವೆ. ನಡುವಿನ ಎರಡು ಹೊಂದುವುದಿಲ್ಲ. ವಿಫಲತೆಗಳ ಸಾಲು ಮುಗಿದೊಡನೆಯೇ ಸಫಲತೆಯೊಂದು ಬಂದಿರುವುದನ್ನು ಗಮನಿಸಿರಿ. ಯಾರೋ ಊಹೆಯ ಮೇಲೆ ಪಾಸ್‌ವರ್ಡುಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ, 42ನೆಯದರಲ್ಲಿ ಗೆದ್ದಿರಬಹುದೆಂದು ಇದು ಸೂಚಿಸುತ್ತದೆ. ಹಾಗಲ್ಲದೆ, ಒಂದು ವಿಫಲ ಪ್ರಯತ್ನವೂ ಇಲ್ಲದೆ ನಡುರಾತ್ರಿಯ ಪ್ರವೇಶವೊಂದೇ ಇದ್ದಿದ್ದರೆ? ಬಂದವನಿಗೆ ಪಾಸ್‌ವರ್ಡು ಮೊದಲೇ ತಿಳಿದಿತ್ತೆಂದು ಅನುಮಾನಿಸಬೇಕಾಗುತ್ತಿತ್ತು. ಬೆನ್ನ ಹಿಂದೆ ನಿಂತು ನೋಡಿದವರಿಂದಲೋ, ಇದೇ ಪಾಸ್‌ವರ್ಡನ್ನು ಬಳಸಿದ ಬೇರೊಂದು ಕಡೆಯಿಂದಲೋ ಅದು ಸೋರಿರಬಹುದು. ವಿಫಲತೆಗಳು ಮಾತ್ರ ಇದ್ದು ಸಫಲತೆಯಿಲ್ಲದಿದ್ದರೆ, ಬಾಗಿಲು ತಟ್ಟಿದವರಿದ್ದಾರೆ, ಬೀಗವು ತಡೆದಿದೆ ಎಂದರ್ಥ. ಹೀಗೆ ಒಂದೇ ದಫ್ತರವು ಕಳ್ಳನು ಬಂದನೆಂಬುದನ್ನಷ್ಟೇ ಅಲ್ಲದೆ, ಹೇಗೆ ಬಂದಿರಬಹುದೆಂಬುದನ್ನೂ ಸೂಚಿಸಬಲ್ಲದು.

ಆದರೆ ಅವಸರದ ತೀರ್ಮಾನವು ಸಲ್ಲದು. ಹೊಂದದ ಪ್ರತಿಯೊಂದು ಸಾಲೂ ಕಳ್ಳತನವಲ್ಲ. ವಿಶ್ವಕಾಲಕ್ಕೂ ನಮ್ಮ ಕಾಲಕ್ಕೂ ಇರುವ ಐದೂವರೆ ಗಂಟೆಯ ಅಂತರವನ್ನು ಆಗಲೇ ಹೇಳಿದ್ದೇವೆ. ಗಣಕದ ಗಡಿಯಾರವನ್ನು ನಡೆಸುವ ಒಳಗಿನ ಚಿಕ್ಕ ಬ್ಯಾಟರಿಯು ಮುಗಿದಿದ್ದರೆ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಸರಿದಿರಬಹುದು. ಅದೇ ಪಾಸ್‌ವರ್ಡನ್ನು ಅರಿತ ಮನೆಯ ಮಂದಿ ಯಾರಾದರೂ ಯಂತ್ರವನ್ನು ಬಳಸಿರಬಹುದು. ಗಡಿಯಾರವು ಸರಿಯಾಗಿರದ ದಾಖಲೆಗೆ ಬೆಲೆಯಿಲ್ಲ. ಭಾರತದ ಗಣಕ ತುರ್ತು ಸ್ಪಂದನ ತಂಡವಾದ ಸಿಇಆರ್‌ಟಿ-ಇನ್, 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಗಣಕಸೇವೆ ಒದಗಿಸುವವರೂ ಸಂಸ್ಥೆಗಳೂ ಸರ್ಕಾರಿ ಕಚೇರಿಗಳೂ ತಮ್ಮ ಯಂತ್ರಗಳ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿಡಬೇಕೆಂದು ವಿಧಿಸಿದುದರ ಜೊತೆಗೆ, ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿವಿಜ್ಞಾನ ಕೇಂದ್ರದ ಇಲ್ಲವೆ ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಶಾಲೆಯ ಕಾಲಕ್ಕೆ ಹೊಂದಿಸಬೇಕೆಂದೂ ವಿಧಿಸಿದುದು ಈ ಕಾರಣದಿಂದಲೇ.

ಈ ಕಾವಲಿನ ಮಿತಿಗಳು

ಪ್ರವೇಶ ದಾಖಲೆಯು ಬೀಗವಲ್ಲ. ಬೀಗವನ್ನು ದಾಟಿ ಬಂದವರ ಪಟ್ಟಿ. ಅದು ಕಳ್ಳತನವನ್ನು ತಡೆಯುವುದಿಲ್ಲ, ಆದ ಮೇಲೆ ತಿಳಿಸುತ್ತದೆ. ಈ ತಿಳಿವಳಿಕೆಗೂ ಕೆಲವು ಮಿತಿಗಳುಂಟು.

ಮೊದಲನೆಯದಾಗಿ, ಯಂತ್ರದ ಸರ್ವಾಧಿಕಾರವನ್ನು ಪಡೆದ ಕಳ್ಳನು ದಫ್ತರವನ್ನೇ ತಿದ್ದಬಲ್ಲನು. ವಿಂಡೋಸಿನಲ್ಲಿ ಭದ್ರತಾ ದಫ್ತರವನ್ನು ಬರಿದು ಮಾಡಿದರೆ ‘ಬರಿದು ಮಾಡಲಾಯಿತು’ ಎಂಬ 1102ನೆಯ ಸಂಖ್ಯೆಯ ಸಾಲೊಂದು ಹೊಸದಾಗಿ ಸೇರುತ್ತದೆ. ಪುಟವು ಹರಿದುಹೋದುದಕ್ಕೆ ಅದೇ ಸಾಕ್ಷಿ. ದಾಖಲೆಯ ಪ್ರತಿಯನ್ನು ಮತ್ತೊಂದು ಯಂತ್ರಕ್ಕೆ ಆಗಿಂದಾಗ ಕಳುಹಿಸುತ್ತಿದ್ದರೆ ರಕ್ಷಣೆ ಹೆಚ್ಚುತ್ತದೆ. ಸ್ಟಾಲ್ ಅವರ ಮುದ್ರಣಯಂತ್ರಗಳ ತತ್ತ್ವವೇ ಇದು. ಎರಡನೆಯದಾಗಿ, ದಫ್ತರವು ಅನಂತವಲ್ಲ. ವಿಂಡೋಸಿನ ಭದ್ರತಾ ದಫ್ತರವು ಸಾಮಾನ್ಯವಾಗಿ 20 ಮೆಗಾಬೈಟಿಗೆ ತುಂಬಿ, ಹಳೆಯ ಸಾಲುಗಳ ಮೇಲೆ ಹೊಸವು ಬರೆಯಲ್ಪಡುತ್ತವೆ.

ಮೂರನೆಯದಾಗಿ, ಎಲ್ಲ ಅತಿಕ್ರಮಣವೂ ಬಾಗಿಲಿನಿಂದಲೇ ಆಗುವುದಿಲ್ಲ. ಒಡೆಯನು ಪರದೆಗೆ ಬೀಗ ಹಾಕದೆ ಊಟಕ್ಕೆ ಎದ್ದುಹೋದಾಗ ಮತ್ತೊಬ್ಬನು ಬಂದು ಕುಳಿತರೆ ಹೊಸ ಪ್ರವೇಶವು ದಾಖಲಾಗದು. ಒಡೆಯನೇ ತಿಳಿಯದೆ ತೆರೆದ ಕೆಟ್ಟ ತಂತ್ರಾಂಶವು ಅವನ ಹೆಸರಿನಲ್ಲಿಯೇ ಕೆಲಸ ಮಾಡುತ್ತದೆ. ಗಣಕದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿ ಓದಿದರೆ ಮೂಲ ಯಂತ್ರದ ದಫ್ತರಕ್ಕೆ ಆ ವಿಷಯವೇ ತಿಳಿಯದು. ಆದುದರಿಂದ ದಾಖಲೆಯು ನಿರ್ಮಲವಾಗಿದೆ ಎಂದ ಮಾತ್ರಕ್ಕೆ ಯಂತ್ರವು ನಿರ್ಮಲವಾಗಿದೆ ಎಂದು ಸಿದ್ಧವಾಗುವುದಿಲ್ಲ.

ನಾಲ್ಕನೆಯ ಮಿತಿಯು ಯಂತ್ರದ್ದಲ್ಲ, ಮನುಷ್ಯನದು. ಪ್ರತಿದಿನವೂ ಒಂದೇ ರೂಪದಲ್ಲಿ ಕಾಣುವ ಸೂಚನೆಯನ್ನು ಕಣ್ಣು ಕ್ರಮೇಣ ಓದುವುದನ್ನೇ ಬಿಡುತ್ತದೆ. ಕೈ ಮಾತ್ರ ಒಪ್ಪಿಗೆಯ ಗುಂಡಿಯನ್ನು ಒತ್ತುತ್ತದೆ. ಆದಕಾರಣ ಒಳ್ಳೆಯ ಸೂಚನೆಯು ಚಿಕ್ಕದಾಗಿರಬೇಕು. ಎಂದಿನಂತಲ್ಲದುದನ್ನು ಎತ್ತಿ ತೋರಿಸಬೇಕು. ‘ಇದು ನಾನಲ್ಲ’ ಎನ್ನುವವನಿಗೆ ಮುಂದೇನು ಮಾಡಬೇಕೆಂಬ ದಾರಿಯನ್ನೂ ಅಲ್ಲಿಯೇ ಕೊಡಬೇಕು. ಗೂಗಲ್ ಸಂಸ್ಥೆಯ ಜಿಮೇಲ್ 2008ರಲ್ಲಿ ಖಾತೆಯ ಇತ್ತೀಚಿನ ಬಳಕೆಯ ಪಟ್ಟಿಯನ್ನು ತೋರಿಸತೊಡಗಿದಾಗ, ಬೇರೆಡೆ ತೆರೆದಿರುವ ಪ್ರವೇಶಗಳನ್ನೆಲ್ಲ ಮುಚ್ಚಿಬಿಡುವ ಗುಂಡಿಯನ್ನೂ ಜೊತೆಯಲ್ಲಿಟ್ಟಿತು. ಮೇಜಿನ ಗಣಕಗಳು ಈ ವಿಷಯದಲ್ಲಿ ಇನ್ನೂ ಹಿಂದುಳಿದಿವೆ.

ಯಾರ ದಾಖಲೆ, ಯಾರ ಕಣ್ಣಿಗೆ?

ಇಲ್ಲಿ ಒಂದು ನೀತಿಯ ಪ್ರಶ್ನೆಯೂ ಇದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತು ಇದ್ದರು ಎಂಬ ಪಟ್ಟಿಯು ಕಳ್ಳನನ್ನು ಹಿಡಿಯಲು ಸಹಾಯಕವಾಗುವಂತೆಯೇ, ಮನೆಯವರ ಅಥವಾ ಸಹಪಾಠಿಗಳ ದಿನಚರಿಯನ್ನು ಗುಟ್ಟಾಗಿ ನೋಡುವುದಕ್ಕೂ ಒದಗಬಲ್ಲದು. ಒಬ್ಬನ ಪಾಸ್‌ಬುಕ್ಕನ್ನು ಮತ್ತೊಬ್ಬನು ತೆರೆದು ನೋಡುವುದು ಹೇಗೆ ಅನುಚಿತವೋ ಇದೂ ಹಾಗೆಯೇ. ಒಡೆಯನಿಗೆ ತನ್ನ ಖಾತೆಯ ದಾಖಲೆ. ನಿರ್ವಾಹಕನಿಗೆ ಯಂತ್ರದ ರಕ್ಷಣೆಗೆ ಅಗತ್ಯವಾದಷ್ಟು. ಉಳಿದವರಿಗೆ ಏನೂ ಇಲ್ಲ ಎಂಬುದು ಒಪ್ಪಬಹುದಾದ ನಿಯಮ. ಹಲವರಿಗೆ ಒಂದೇ ಖಾತೆಯಿರುವ ಮನೆಯಲ್ಲಿ ಈ ದಾಖಲೆಯು ರಕ್ಷಣೆಯನ್ನೂ ಕೊಡದು, ಗುಟ್ಟನ್ನೂ ಉಳಿಸದು. ಏಕೆಂದರೆ ಅಲ್ಲಿ ‘ಇದು ನಾನಲ್ಲ’ ಎಂದು ಖಚಿತವಾಗಿ ಹೇಳಬಲ್ಲವರೇ ಇಲ್ಲ. ಒಬ್ಬೊಬ್ಬರಿಗೂ ಬೇರೆ ಖಾತೆ ಎಂಬುದು ಈ ವಿದ್ಯೆಯ ಮೊದಲ ಪಾಠ.

ಅನುಮಾನ ಬಂದಾಗ

ಹೊಂದದ ಸಾಲೊಂದು ಕಂಡರೆ ಮೊದಲು ಅದನ್ನು ಬರೆದಿಟ್ಟುಕೊಳ್ಳಬೇಕು, ಇಲ್ಲವೆ ಪರದೆಯ ಚಿತ್ರವನ್ನು ತೆಗೆದಿಡಬೇಕು; ದಫ್ತರವು ತಾನಾಗಿ ಅಳಿಯಬಹುದು. ಆಮೇಲೆ ಬೇರೊಂದು ನಂಬಿಕೆಯ ಯಂತ್ರದಿಂದ ಮುಖ್ಯ ಪಾಸ್‌ವರ್ಡುಗಳನ್ನು ಬದಲಾಯಿಸಬೇಕು; ಅನುಮಾನಾಸ್ಪದ ಯಂತ್ರದಲ್ಲಿಯೇ ಬದಲಾಯಿಸಿದರೆ ಹೊಸ ಗುಟ್ಟೂ ಕಳ್ಳನ ಕೈಸೇರಬಹುದು. ಕಾಲೇಜಿನ ಯಂತ್ರವಾದರೆ ನಿರ್ವಾಹಕರಿಗೆ ಕೂಡಲೇ ತಿಳಿಸಬೇಕು. ಹಣದ ವಂಚನೆಯೂ ನಡೆದಿದ್ದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡಬೇಕು.

ಇಷ್ಟನ್ನು ಓದಿದ ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ವಾರದವರೆಗೆ ತಮ್ಮ ಗಣಕದಲ್ಲಿ ಪ್ರವೇಶ ಪಡೆದ ಪ್ರತಿಯೊಂದು ಹೊತ್ತನ್ನೂ ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಲಿ. ವಾರದ ಕೊನೆಯಲ್ಲಿ ಯಂತ್ರದ ದಫ್ತರವನ್ನು ತೆರೆದು, ಎರಡನ್ನೂ ಸಾಲು ಸಾಲಾಗಿ ಹೋಲಿಸಲಿ. ಪರದೆಯ ಬೀಗವನ್ನು ತೆರೆದುದು ದಾಖಲಾಗಿದೆಯೇ? ಯಂತ್ರವನ್ನು ಮಲಗಿಸಿ ಎಬ್ಬಿಸಿದುದು? ಗಡಿಯಾರವು ಎಷ್ಟು ನಿಮಿಷ ತಪ್ಪಿದೆ? ಬಹುತೇಕ ಎಲ್ಲ ಸಾಲುಗಳೂ ಹೊಂದಿ ಬರುತ್ತವೆ. ಹೊಂದದ ಕೆಲವಕ್ಕೆ ಕಾರಣವನ್ನು ಹುಡುಕುವುದರಲ್ಲಿಯೇ ಯಂತ್ರದ ನಡೆಯು ಅರ್ಥವಾಗುತ್ತದೆ. ಹೀಗೆ ತನ್ನ ದಫ್ತರದ ಸಾಮಾನ್ಯ ರೂಪವನ್ನು ಒಮ್ಮೆ ಕಣ್ಣಾರೆ ಕಂಡವನಿಗೆ, ಮುಂದೊಂದು ದಿನ ಅದರಲ್ಲಿ ಸೇರಿಕೊಂಡ ಅನ್ಯನ ಸಾಲನ್ನು ಗುರುತಿಸುವುದು ಕಷ್ಟವಾಗಲಾರದು.